ಕೆಂಪು ಡಬ್ಬಿ ಉಳಿಯಿತು, ಒಳಗಿನ ಫೋನ್ ಎಲ್ಲಿ ಹೋಯಿತು?

ಲಂಡನ್‌ಗೆ ಹೋಗಿ ಬಂದ ನಮ್ಮವರ ಫೋಟೋಗಳನ್ನು ನೋಡಿ. ಬಿಗ್ ಬೆನ್ ಇರುತ್ತದೆ, ಡಬಲ್ ಡೆಕ್ಕರ್ ಬಸ್ಸು ಇರುತ್ತದೆ, ಆಮೇಲೆ ಕೆಂಪು ಟೆಲಿಫೋನ್ ಬೂತಿನ ಬಾಗಿಲು ಅರ್ಧ ತೆರೆದು ನಗುತ್ತಾ ನಿಂತ ಒಂದು ಫೋಟೋ ಇದ್ದೇ ಇರುತ್ತದೆ. ಅಲ್ಲಿಂದ ಯಾರೂ ಯಾರಿಗೂ ಫೋನ್ ಮಾಡುತ್ತಿಲ್ಲ ಅಂತ ಫೋಟೋ ತೆಗೆದವರಿಗೂ ಗೊತ್ತು, ನಿಂತವರಿಗೂ ಗೊತ್ತು. ಪಾರ್ಲಿಮೆಂಟ್ ಸ್ಕ್ವೇರ್ ಹತ್ತಿರದ ಬೂತ್‌ಗಳ ಮುಂದೆ ಜನ ಸಾಲು ನಿಲ್ಲುವುದು ಫೋಟೋಗೆ ಮಾತ್ರ.

ಬ್ರಿಟನ್ನಿನಲ್ಲಿ ಈ ಬೂತ್‌ಗಳ ಬಗ್ಗೆ ಆಗಾಗ ಏಳುವ ಜಗಳದ ಬುಡ ಇಲ್ಲೇ ಇದೆ. ಡಬ್ಬಿಯನ್ನು ಉಳಿಸುವುದು ಒಂದು ಕೆಲಸ, ಒಳಗಿನ ಫೋನ್ ಉಳಿಸುವುದು ಇನ್ನೊಂದು ಕೆಲಸ. ಡಬ್ಬಿಗೆ ಪಾರಂಪರಿಕ ಕಟ್ಟಡಗಳ ಕಾನೂನು. ಫೋನಿಗೆ ಆಫ್‌ಕಾಮ್ ಅನ್ನುವ ದೂರಸಂಪರ್ಕ ನಿಯಂತ್ರಕ ಸಂಸ್ಥೆಯ ನಿಯಮ. ಎರಡೂ ಬೇರೆ ಬೇರೆ ಪಟ್ಟಿ, ಎರಡಕ್ಕೂ ಬೇರೆ ಬೇರೆ ಲೆಕ್ಕ. 'ನಮ್ಮ ಬೂತ್ ಉಳಿಸಿ' ಅಂತ ಊರಿನವರು ಕೂಗುವಾಗ ಯಾವುದನ್ನು ಉಳಿಸಬೇಕು ಅಂತ ಅವರಿಗೇ ಎಷ್ಟೋ ಸಲ ಸ್ಪಷ್ಟ ಇರುವುದಿಲ್ಲ.

ಮೊದಲು ಡಬ್ಬಿಯ ಕಥೆ. ಅದು ನಿಜಕ್ಕೂ ಒಳ್ಳೆಯ ಕಥೆ.

ಇಡೀ ದೇಶಕ್ಕೆ ಒಂದೇ ನಮೂನೆಯ ಬೂತ್ ಇರಲಿ ಅಂತ ಬ್ರಿಟನ್ನಿನ ಅಂಚೆ ಇಲಾಖೆ 1921ರಲ್ಲಿ ಕೆ1 ಅನ್ನುವ ಬೂತ್ ತಂದಿತು. ಆಗ ಟೆಲಿಫೋನ್ ಕೂಡ ಅಂಚೆ ಇಲಾಖೆಯ ಕೈಯಲ್ಲೇ ಇತ್ತು. ಕೆ1 ಕಾಂಕ್ರೀಟಿನದು, ನೋಡಲು ಸಪ್ಪೆ. ಲಂಡನ್ನಿನ ಸ್ಥಳೀಯ ಕೌನ್ಸಿಲ್‌ಗಳು ಇದನ್ನು ನಮ್ಮ ಬೀದಿಯಲ್ಲಿ ಇಡಬೇಡಿ ಅಂದವು. ಕೊನೆಗೆ ಕಲೆ, ವಿನ್ಯಾಸದ ವಿಷಯದಲ್ಲಿ ಸರ್ಕಾರಕ್ಕೆ ಸಲಹೆ ಕೊಡುತ್ತಿದ್ದ ರಾಯಲ್ ಫೈನ್ ಆರ್ಟ್ ಕಮಿಷನ್ ಮಧ್ಯೆ ಬಂದು 1924ರಲ್ಲಿ ಒಂದು ವಿನ್ಯಾಸ ಸ್ಪರ್ಧೆ ಏರ್ಪಡಿಸಿತು. ಸರ್ ರಾಬರ್ಟ್ ಲೋರಿಮರ್, ಸರ್ ಜಾನ್ ಬರ್ನೆಟ್‌ರಂಥ ದೊಡ್ಡ ವಾಸ್ತುಶಿಲ್ಪಿಗಳೇ ಒಂದು ಫೋನ್ ಡಬ್ಬಿಗಾಗಿ ನಕ್ಷೆ ಬರೆದರು. ಗೆದ್ದವರು ಸರ್ ಗೈಲ್ಸ್ ಗಿಲ್ಬರ್ಟ್ ಸ್ಕಾಟ್.

ಈ ಸ್ಕಾಟ್ ಸಣ್ಣ ಆಸಾಮಿಯಲ್ಲ. 22ನೇ ವಯಸ್ಸಿಗೇ ಲಿವರ್‌ಪೂಲ್ ಕೆಥೆಡ್ರಲ್‌ನ ವಿನ್ಯಾಸ ಸ್ಪರ್ಧೆ ಗೆದ್ದವರು. ಮುಂದೆ ಬ್ಯಾಟರ್‌ಸೀ ವಿದ್ಯುತ್ ಸ್ಥಾವರದ ಹೊರರೂಪ ಕೊಟ್ಟದ್ದೂ ಇವರೇ, ಈಗ ಟೇಟ್ ಮಾಡರ್ನ್ ಗ್ಯಾಲರಿ ಆಗಿರುವ ಬ್ಯಾಂಕ್‌ಸೈಡ್ ವಿದ್ಯುತ್ ಸ್ಥಾವರ ಕಟ್ಟಿಸಿದ್ದೂ ಇವರೇ. ಇವರ ಅಜ್ಜ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ನಮಗೆ ಇನ್ನೂ ಹತ್ತಿರ. ಮುಂಬೈ ವಿಶ್ವವಿದ್ಯಾಲಯದ ರಾಜಾಬಾಯಿ ಗಡಿಯಾರ ಗೋಪುರ ಇದೆಯಲ್ಲ, ಅದರ ನಕ್ಷೆ ಆ ಅಜ್ಜನದು. ಧಾರವಾಡದ ಕರ್ನಾಟಕ ಕಾಲೇಜು ಮೊದಲು ಮುಂಬೈ ವಿಶ್ವವಿದ್ಯಾಲಯದ ಕೆಳಗೇ ಇತ್ತು, ಹಾಗಾಗಿ ನಮ್ಮ ಎಷ್ಟೋ ಹಿರಿಯರ ಡಿಗ್ರಿ ಬಂದದ್ದು ಆ ಗೋಪುರದ ಊರಿನಿಂದ. ಅಜ್ಜ ಗೋಪುರ ಕಟ್ಟಿಸಿದ, ಮೊಮ್ಮಗ ಬೂತ್ ಮಾಡಿದ. ಜನರಿಗೆ ಜಾಸ್ತಿ ಪರಿಚಯ ಆದದ್ದು ಮೊಮ್ಮಗನ ಬೂತೇ.

ಸ್ಪರ್ಧೆಗೆ ಸ್ಕಾಟ್ ಮಾಡಿದ ಮರದ ಮಾದರಿ ಲಂಡನ್ನಿನ ಬರ್ಲಿಂಗ್ಟನ್ ಹೌಸ್‌ನ ಹೆಬ್ಬಾಗಿಲ ಕಮಾನಿನ ಕೆಳಗೆ ಈಗಲೂ ನಿಂತಿದೆ. ರಾಯಲ್ ಅಕಾಡೆಮಿಗೆ ಹೋಗುವವರು ಅದರ ಪಕ್ಕದಲ್ಲೇ ನಡೆದು ಹೋಗುತ್ತಾರೆ, ತಿರುಗಿ ನೋಡುವವರು ಕಡಿಮೆ. ಈ ವಿನ್ಯಾಸದ ತಲೆಭಾಗ ಗಮನಿಸಬೇಕಾದದ್ದು. ನಾಲ್ಕೂ ಬದಿಗೆ ಚಪ್ಪಟೆ ಕಮಾನು, ಮೇಲೆ ಮೆಲ್ಲಗೆ ಉಬ್ಬಿದ ತಗ್ಗು ಗುಮ್ಮಟ. ನಾಲ್ಕು ಮೂಲೆ ಹಿಡಿದು ಕಟ್ಟಿದ ಬಟ್ಟೆಯೊಳಗೆ ಗಾಳಿ ತುಂಬಿದಂತೆ ಕಾಣುತ್ತದೆ. ಇದರ ಮೂಲ ಒಂದು ಸಮಾಧಿ ಅಂತ ಕಟ್ಟಡ ಇತಿಹಾಸ ಬಲ್ಲವರು ಗುರುತಿಸುತ್ತಾರೆ. ಸರ್ ಜಾನ್ ಸೋನ್ ಅನ್ನುವ ವಾಸ್ತುಶಿಲ್ಪಿಯ ಹೆಂಡತಿ ಎಲೈಜಾ 1815ರಲ್ಲಿ ತೀರಿಕೊಂಡರು. ಅವರಿಗಾಗಿ ಸೋನ್ ಸೇಂಟ್ ಪ್ಯಾಂಕ್ರಸ್ ಹಳೆಯ ಚರ್ಚಿನ ಅಂಗಳದಲ್ಲಿ ಒಂದು ಸಮಾಧಿ ಕಟ್ಟಿದರು, ಅದರ ಮೇಲೆ ಇಂಥದ್ದೇ ಗುಮ್ಮಟ. ಸ್ಕಾಟ್ 1925ರಲ್ಲಿ ಸೋನ್ ಮ್ಯೂಸಿಯಂನ ಟ್ರಸ್ಟಿಯೂ ಆದರು, ಅಂದರೆ ಆ ಕಟ್ಟಡಗಳ ಪರಿಚಯ ಅವರಿಗೆ ಚೆನ್ನಾಗಿಯೇ ಇತ್ತು. ಮಾತಾಡಲು ಮಾಡಿದ ಡಬ್ಬಿಗೆ ಸಮಾಧಿಯ ಟೋಪಿ! ಇದನ್ನು ಯಾರೂ ಬೇಕಂತ ಹಾಸ್ಯಕ್ಕೆ ಮಾಡಿದ್ದಲ್ಲ, ಆದರೂ ನಗು ಬರುತ್ತದೆ.

ಆ ಗುಮ್ಮಟ ಬರೀ ಅಲಂಕಾರ ಅಂದುಕೊಳ್ಳಬೇಡಿ. ಮೂರು ಅಡಿ ಅಗಲದ ಒಂದು ಡಬ್ಬಿಗೆ ಚಪ್ಪಟೆ ತಾರಸಿ ಹಾಕಿದ್ದರೆ ಅದು ಬೀದಿಯಲ್ಲಿ ನಿಲ್ಲಿಸಿದ ಬೀರುವಿನಂತೆ ಕಾಣುತ್ತಿತ್ತು. ಗುಮ್ಮಟ ಬಂದ ಕೂಡಲೇ ಅದು ಕಟ್ಟಡ ಆಯಿತು. ಮಳೆ ನೀರು ನಿಲ್ಲದೆ ಜಾರಿಹೋಗುತ್ತದೆ, ಇಂಗ್ಲೆಂಡಿನ ಹವೆಗೆ ಅದು ಮುಖ್ಯ. ಸ್ಕಾಟ್‌ರ ಈ ವಿನ್ಯಾಸ 1926ರಲ್ಲಿ ಕೆ2 ಅನ್ನುವ ಹೆಸರಿನಲ್ಲಿ ಬೀದಿಗೆ ಬಂತು, ಅದರಲ್ಲಿ ಇನ್ನೊಂದು ಜಾಣತನ ಇತ್ತು. ಮೇಲಿರುವ ಕಿರೀಟದ ಗುರುತನ್ನು ಸಣ್ಣ ಸಣ್ಣ ತೂತುಗಳಿಂದಲೇ ಮೂಡಿಸಿದ್ದರು. ರಾಜಮುದ್ರೆಯೂ ಆಯಿತು, ಒಳಗೆ ಗಾಳಿಯಾಡಲು ದಾರಿಯೂ ಆಯಿತು. ಬಾಗಿಲು ತೇಗದ್ದು, ಉಳಿದದ್ದೆಲ್ಲ ಎರಕದ ಕಬ್ಬಿಣ. ತೂಕ ಒಂದು ಟನ್ನಿಗೂ ಜಾಸ್ತಿ.

ಈಗ ಬಣ್ಣದ ವಿಷಯ. ಕೆಂಪು ಸ್ಕಾಟ್‌ರ ಆಯ್ಕೆ ಅಲ್ಲವೇ ಅಲ್ಲ. ಅವರು ಕೇಳಿದ್ದು ಉಕ್ಕಿನ ಬೂತ್, ಹೊರಗೆ ಬೆಳ್ಳಿ ಬಣ್ಣ, ಒಳಗೆ ಹಸಿರು ಬೆರೆತ ನೀಲಿ. ಅಂಚೆ ಇಲಾಖೆ ಉಕ್ಕು ಬಿಟ್ಟು ಎರಕದ ಕಬ್ಬಿಣ ಮಾಡಿತು, ಬೆಳ್ಳಿ ಬಿಟ್ಟು ಕೆಂಪು ಬಳಿಯಿತು. ದೂರದಿಂದ ಕಣ್ಣಿಗೆ ಬೀಳಬೇಕು, ಟಪಾಲು ಡಬ್ಬಿಯ ಬಣ್ಣಕ್ಕೂ ಹೊಂದಬೇಕು, ಅಷ್ಟೇ ಲೆಕ್ಕ. ಇವತ್ತು ಬ್ರಿಟನ್ನಿನ ಗುರುತು ಅಂತ ಕೀ ಚೈನಿನಿಂದ ಹಿಡಿದು ಟೀ ಡಬ್ಬಿಯವರೆಗೆ ಮಾರಾಟ ಆಗುವ ಆ ಬಣ್ಣ, ಕಲಾವಿದನ ಮಾತು ಮೀರಿ ಒಂದು ಸರ್ಕಾರಿ ಇಲಾಖೆ ತೆಗೆದುಕೊಂಡ ತೀರ್ಮಾನ. ಇಲಾಖೆಗಳನ್ನು ಬೈಯುವಾಗ ಇದನ್ನೂ ಒಂದು ಸಲ ನೆನೆಸಿಕೊಳ್ಳಬಹುದು.

ಕೆ2 ಚೆಂದ, ಆದರೆ ದುಬಾರಿ ಮತ್ತು ದೊಡ್ಡದು. ಹಾಗಾಗಿ ಅದು ಹೆಚ್ಚಾಗಿ ಲಂಡನ್ ದಾಟಲಿಲ್ಲ. ಉಳಿದ ಊರುಗಳಿಗೆ ಸ್ಕಾಟ್ ಕೈಯಲ್ಲೇ ಕೆ3 ಅನ್ನುವ ಕಾಂಕ್ರೀಟ್ ಬೂತ್ ಮಾಡಿಸಿದರು, ಅದು ಮಳೆ ಚಳಿಗೆ ಹಾಳಾಯಿತು. ಕೆ4 ಅಂತೂ ಒಂದು ತಮಾಷೆ. ಇಲಾಖೆಯ ಎಂಜಿನಿಯರ್‌ಗಳು ಕೆ2ಅನ್ನು ಹಿಗ್ಗಿಸಿ, ಹಿಂಬದಿಗೆ ಟಪಾಲು ಡಬ್ಬಿ, ಅಂಚೆ ಚೀಟಿ ಮಾರುವ ಯಂತ್ರ ಎಲ್ಲ ಸೇರಿಸಿ ಒಂದು ಪುಟ್ಟ ಅಂಚೆ ಕಚೇರಿಯನ್ನೇ ಮಾಡಹೊರಟರು. ಚೀಟಿ ಯಂತ್ರದ ಸದ್ದಿಗೆ ಫೋನಿನಲ್ಲಿ ಮಾತಾಡುವವರಿಗೆ ಕಿರಿಕಿರಿ, ತೇವಕ್ಕೆ ಚೀಟಿಗಳು ಅಂಟಿಕೊಳ್ಳುತ್ತಿದ್ದವು. 50 ಮಾಡಿ ಕೈ ಬಿಟ್ಟರು.

ನಾವು ಫೋಟೋಗಳಲ್ಲಿ ನೋಡುವುದು ಬಹುಪಾಲು ಕೆ6. ಐದನೇ ಜಾರ್ಜ್ ದೊರೆಯ ಪಟ್ಟದ ಬೆಳ್ಳಿಹಬ್ಬಕ್ಕೆ ಅಂತ ಸ್ಕಾಟ್ 1935ರಲ್ಲಿ ಇದರ ವಿನ್ಯಾಸ ಮಾಡಿದರು, 1936ರಿಂದ ಬೂತ್‌ಗಳು ಬಂದವು. ಕೆ2ಅನ್ನು ಕುಗ್ಗಿಸಿ, ಅಲಂಕಾರದ ಗೀರುಗಳನ್ನು ತೆಗೆದು, ತೂಕವನ್ನು ಮುಕ್ಕಾಲು ಟನ್ನಿಗೆ ಇಳಿಸಿದರು. ಎರಡನ್ನೂ ಬೇರೆ ಮಾಡಿ ಗುರುತಿಸುವುದು ಸುಲಭ. ಗಾಜು ನೋಡಿ. ಒಂದೊಂದು ಬದಿಯಲ್ಲೂ ಒಂದೇ ಅಳತೆಯ ಗಾಜಿನ ಆರು ಸಾಲು ಇದ್ದರೆ ಕೆ2. ಎಂಟು ಸಾಲು ಇದ್ದು, ನಡುವಿನ ಗಾಜು ಅಗಲವಾಗಿ ಅಕ್ಕಪಕ್ಕದ್ದು ಸಪೂರವಾಗಿದ್ದರೆ ಕೆ6. ನಡುವಿನ ಗಾಜು ಅಗಲ ಆದದ್ದರಿಂದ ಒಳಗೆ ಯಾರಾದರೂ ಇದ್ದಾರಾ ಅಂತ ಹೊರಗೆ ಕಾಯುವವರಿಗೆ ಚೆನ್ನಾಗಿ ಕಾಣುತ್ತದೆ. ಕಿರೀಟ ನೋಡಿದರೆ ವಯಸ್ಸೂ ಗೊತ್ತಾಗುತ್ತದೆ. 1953ರಲ್ಲಿ ರಾಣಿ ಎಲಿಜಬೆತ್ ಪಟ್ಟಾಭಿಷೇಕ ಆದ ಹೊತ್ತಿಗೆ ಕಿರೀಟದ ಚಿತ್ರ ಬದಲಾಯಿತು. ಸ್ಕಾಟ್ಲೆಂಡ್ ನಮಗೆ ನಮ್ಮದೇ ಕಿರೀಟ ಬೇಕು ಅಂತ ಹಿಡಿದ ಹಟಕ್ಕೆ, ಕಿರೀಟದ ಜಾಗವನ್ನು ಖಾಲಿ ಬಿಟ್ಟು ಆಮೇಲೆ ಬೇಕಾದದ್ದನ್ನು ಕೂರಿಸುವಂತೆ ಎರಕ ಹೊಯ್ಯಬೇಕಾಯಿತು. ಇದರಲ್ಲಿ ಇನ್ನೊಂದು ಸ್ವಾರಸ್ಯ ಏನೆಂದರೆ, ಇಂಗ್ಲೆಂಡಿನ ಗುರುತಾದ ಈ ಬೂತ್‌ಗಳಲ್ಲಿ ಬಹಳಷ್ಟನ್ನು ಎರಕ ಹೊಯ್ದದ್ದು ಸ್ಕಾಟ್ಲೆಂಡಿನ ಫೌಂಡ್ರಿಗಳೇ: ಗ್ಲಾಸ್ಗೋದ ಸಾರಾಸೆನ್, ಕರ್ಕಿನ್‌ಟಿಲ್ಲೊಕ್‌ನ ಲಯನ್, ಫಾಲ್‌ಕರ್ಕ್ ಹತ್ತಿರದ ಕ್ಯಾರನ್.

1935ರಲ್ಲಿ ಬ್ರಿಟನ್ನಿನಲ್ಲಿ ಸಾರ್ವಜನಿಕ ಫೋನ್ 19,000 ಇದ್ದವು. 1940ಕ್ಕೆ 35,000. ಆ ಏರಿಕೆಗೆ ಮುಖ್ಯ ಕಾರಣ ಕೆ6. ಅಂಚೆ ಕಚೇರಿ ಇರುವ ಪ್ರತಿ ಊರಿಗೂ, ಅಲ್ಲಿ ಆದಾಯ ಬರುತ್ತದೋ ಇಲ್ಲವೋ ನೋಡದೆ, ಒಂದು ಬೂತ್ ಕೊಡುವ ಯೋಜನೆ ಆಗ ಬಂತು. 1968ರ ಹೊತ್ತಿಗೆ ಒಟ್ಟು ಸುಮಾರು 60,000 ಕೆ6 ನಿಂತಿದ್ದವು.

ಎಲ್ಲರಿಗೂ ಇಷ್ಟ ಆಯಿತಾ? ಇಲ್ಲ. ಹಳ್ಳಿ ಕಡೆಯವರಿಗೆ ಆ ಕೆಂಪು ಕಣ್ಣಿಗೆ ಚುಚ್ಚಿತು. ಹಸಿರು ಗುಡ್ಡ, ಹಳೆಯ ಕಲ್ಲಿನ ಮನೆ, ಮಧ್ಯದಲ್ಲಿ ಇದೇನು ರಂಪ ಅಂತ ದೂರುಗಳು ಬಂದವು. ಸುಂದರ ಪ್ರದೇಶಗಳಲ್ಲಿ ಬೂತಿಗೆ ಬೂದು ಬಣ್ಣ ಬಳಿದು ಕಿಟಕಿಯ ಪಟ್ಟಿಗೆ ಮಾತ್ರ ಕೆಂಪು ಹಚ್ಚಲು ಇಲಾಖೆ ಒಪ್ಪಬೇಕಾಯಿತು. ಅಂಥ ಕೆಲವು ಊರುಗಳಲ್ಲಿ ಈಗ ಬೂದು ಬೂತಿಗೆ ಪೂರ್ತಿ ಕೆಂಪು ಬಳಿದಿದ್ದಾರೆ, ಪರಂಪರೆ ಅಂತ! ಹಲ್ ಅನ್ನುವ ಊರಿನಲ್ಲಿ ಮಾತ್ರ ಟೆಲಿಫೋನ್ ಮೊದಲಿನಿಂದಲೂ ಊರ ಕೌನ್ಸಿಲ್ಲಿನದೇ ಆಗಿತ್ತು, ಹಾಗಾಗಿ ಅಲ್ಲಿನ ಬೂತ್‌ಗಳು ಇವತ್ತಿಗೂ ಕೆನೆ ಬಣ್ಣದವು, ಕಿರೀಟ ಇಲ್ಲದವು.

ಈ ದೂರುಗಳ ಮಾತು ಯಾಕೆ ತಂದೆ ಅಂದರೆ, ಪ್ರೀತಿ ಹುಟ್ಟಿದ್ದು ಬೂತ್ ಹೋಗುತ್ತದೆ ಅಂತ ಗೊತ್ತಾದ ಮೇಲೆ. 1981ರಲ್ಲಿ, ಅಂಚೆ ಇಲಾಖೆಯಿಂದ ಟೆಲಿಫೋನ್ ವಹಿಸಿಕೊಂಡ ಬ್ರಿಟಿಷ್ ಟೆಲಿಕಾಂ (ಬಿಟಿ) ಬೂತ್‌ಗಳಿಗೆಲ್ಲ ಹಳದಿ ಬಳಿಯುತ್ತೇವೆ ಅಂದಿತು. ಪತ್ರಿಕೆಗಳಲ್ಲಿ, ಪಾರ್ಲಿಮೆಂಟಿನಲ್ಲಿ ಗಲಾಟೆ ಎದ್ದಿತು. ಕಂಪನಿ ಹಿಂದೆ ಸರಿದು, 77,000 ಬೂತ್‌ಗಳಲ್ಲಿ ಬರೀ 90ಕ್ಕೆ ಪ್ರಯೋಗಕ್ಕೆ ಅಂತ ಬಳಿದದ್ದು ಅಂತ ಹೇಳಿ ಜಾರಿಕೊಂಡಿತು. 1984ರಲ್ಲಿ ಕಂಪನಿ ಖಾಸಗಿಯಾಯಿತು. ಮರುವರ್ಷವೇ ಹಳೆಯ ಬೂತ್ ತೆಗೆದು ಕೆಎಕ್ಸ್100 ಅನ್ನುವ ಹೊಸ ಬೂತ್ ಹಾಕುವ ಕಾರ್ಯಕ್ರಮ ಶುರುವಾಯಿತು. ಸ್ಟೀಲು, ಗಾಜು, ಒರೆಸಲು ಸುಲಭ, ಗಾಲಿಕುರ್ಚಿಯವರಿಗೆ ಹೋಗಲು ಸಾಧ್ಯ. ಹಳೆ ಬೂತಿನ ಭಾರದ ಬಾಗಿಲು, ಒಳಗಿನ ವಾಸನೆ, ಒಡೆದ ಗಾಜು ಇವೆಲ್ಲ ನಿಜವಾದ ತೊಂದರೆಗಳೇ ಆಗಿದ್ದವು ಅನ್ನುವುದನ್ನು ಬೂತ್ ಅಭಿಮಾನಿಗಳು ಅಷ್ಟಾಗಿ ಹೇಳುವುದಿಲ್ಲ. ತೆಗೆದ ಸಾವಿರಾರು ಬೂತ್‌ಗಳು ಹರಾಜಿಗೆ ಬಂದು ಯಾರ್ಯಾರದೋ ತೋಟಕ್ಕೆ, ಪಬ್ಬಿಗೆ, ಸ್ನಾನದ ಮನೆಗೆ ಹೋದವು.

ಆಗ ಥರ್ಟೀಸ್ ಸೊಸೈಟಿ ಅನ್ನುವ ಸಂಘ, ಈಗ ಅದರ ಹೆಸರು ಟ್ವೆಂಟಿಯತ್ ಸೆಂಚುರಿ ಸೊಸೈಟಿ, ಇವನ್ನು ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿಸಿ ಅಂತ ಪಟ್ಟು ಹಿಡಿಯಿತು. ವಾಸ್ತುಶಿಲ್ಪ ಇತಿಹಾಸಕಾರ ಗ್ಯಾವಿನ್ ಸ್ಟ್ಯಾಂಪ್ ಅದರ ಮುಂದಾಳು. ಅರಮನೆ, ಚರ್ಚುಗಳಿಗೆ ಸಿಗುವ ರಕ್ಷಣೆ ಫೋನ್ ಬೂತಿಗೂ ಸಿಕ್ಕಿತು. ಇವತ್ತು ಅಂಥ 2,000ಕ್ಕೂ ಹೆಚ್ಚು ಬೂತ್‌ಗಳು ಪಟ್ಟಿಯಲ್ಲಿವೆ.

ಇಲ್ಲಿಂದ ಮುಂದೆ ಸ್ವಲ್ಪ ಗಮನ ಇಟ್ಟು ನೋಡಬೇಕು. 60,000 ಒಂದೇ ಅಚ್ಚಿನ ಬೂತ್‌ಗಳಲ್ಲಿ ಯಾವುದನ್ನು ಪಟ್ಟಿಗೆ ಸೇರಿಸುವುದು? ಎಲ್ಲವೂ ಒಂದೇ ತರಹ ಇದ್ದಾಗ ಬೂತ್ ನೋಡಿ ಆರಿಸಲು ಆಗುವುದಿಲ್ಲ, ಅದರ ಅಕ್ಕಪಕ್ಕ ನೋಡಬೇಕು. ಕೆ2 ಅಪರೂಪ, ಹಾಗಾಗಿ ಉಳಿದವಲ್ಲಿ ಹೆಚ್ಚಿನವಕ್ಕೆ ರಕ್ಷಣೆ ಸಿಕ್ಕಿತು. ಕೆ6 ವಿಷಯದಲ್ಲಿ ಪಕ್ಕದಲ್ಲಿ ಹಳೆಯ ಚರ್ಚು ಇದೆಯಾ, ಪಟ್ಟಿಗೆ ಸೇರಿದ ಕಟ್ಟಡ ಇದೆಯಾ, ಒಟ್ಟು ನೋಟ ಚೆನ್ನಾಗಿದೆಯಾ ಅನ್ನುವುದೇ ಮುಖ್ಯ ಆಯಿತು. ಪರಿಣಾಮ ಏನಾಯಿತು ಹೇಳಿ? ಚೆಂದದ ಊರಿನ ಚೆಂದದ ಚೌಕದ ಬೂತ್ ಉಳಿಯಿತು. ಬಡವರ ಬಡಾವಣೆಯ ಮೂಲೆಯಲ್ಲಿದ್ದ ಅದೇ ಬೂತ್ ಹೋಯಿತು. ಮನೆಗೆ ಫೋನ್ ಇಲ್ಲದ ಜನ ಸಾಲು ನಿಂತಿದ್ದದ್ದು ಆ ಎರಡನೆಯದರ ಮುಂದೆ. ನನಗೆ ಈ ಪಟ್ಟಿಯ ಮೇಲೆ ಇರುವ ತಕರಾರು ಇದೇ. ಅದು ಉಳಿಸಿದ್ದು ಪೋಸ್ಟ್‌ಕಾರ್ಡಿನ ಬ್ರಿಟನ್ನನ್ನು. ಈಚೆಗೆ ಹಲ್ ಕಡೆಯ ಒಂಬತ್ತು ಕೆ8 ಬೂತ್‌ಗಳನ್ನು ಪಟ್ಟಿಗೆ ಸೇರಿಸಿದರು. ಬ್ರೂಸ್ ಮಾರ್ಟಿನ್ ವಿನ್ಯಾಸ ಮಾಡಿ 1968ರಲ್ಲಿ ಬೀದಿಗೆ ಬಂದ ಈ ಸರಳ ಬೂತಿಗೆ ಗುಮ್ಮಟ ಇಲ್ಲ, ಪ್ರವಾಸಿಗಳು ಫೋಟೋ ತೆಗೆಯುವುದಿಲ್ಲ. ಅಂಥದ್ದಕ್ಕೂ ಬೆಲೆ ಕೊಟ್ಟದ್ದು ಒಳ್ಳೆಯದಾಯಿತು.

ಇನ್ನು ಫೋನಿನ ಪಟ್ಟಿಗೆ ಬರೋಣ. ಮೊಬೈಲ್ ಬಂದ ಮೇಲೆ ಬೂತಿಗೆ ಹೋಗುವವರು ಯಾರು? ನಮ್ಮಲ್ಲಿ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್‌ಗಳು ಹೇಗೆ ಸದ್ದಿಲ್ಲದೆ ಜೆರಾಕ್ಸ್ ಅಂಗಡಿಗಳಾದವೋ ನಾವೇ ನೋಡಿದ್ದೇವೆ. ಬ್ರಿಟನ್ನಿನ ಸಾರ್ವಜನಿಕ ಫೋನ್‌ಗಳಿಂದ 2002ರಲ್ಲಿ 80 ಕೋಟಿ ನಿಮಿಷ ಮಾತಾಡಿದ್ದರು. 2020ರಲ್ಲಿ ಅದು 70 ಲಕ್ಷ ನಿಮಿಷಕ್ಕೆ ಇಳಿಯಿತು. ಸುಮ್ನೆ ಮುಚ್ಚಿಬಿಡಿ ಅನ್ನುವುದಕ್ಕೆ ಈ ಅಂಕಿ ಸಾಕು ಅನ್ನಿಸುತ್ತದೆ, ಅಲ್ವಾ? ಆದರೆ ಇನ್ನೊಂದು ಅಂಕಿ ಇದೆ. 2019ರ ಮೇಯಿಂದ ಒಂದು ವರ್ಷದಲ್ಲಿ ಇದೇ ಬೂತ್‌ಗಳಿಂದ ಪೊಲೀಸ್, ಆಂಬ್ಯುಲೆನ್ಸ್‌ನಂಥ ತುರ್ತು ಸೇವೆಗೆ ಹೋದ ಕರೆಗಳು ಸುಮಾರು 1,50,000. ಮಕ್ಕಳ ಸಹಾಯವಾಣಿ ಚೈಲ್ಡ್‌ಲೈನ್‌ಗೆ 25,000. ಮನನೊಂದವರ ಮಾತು ಕೇಳುವ ಸಮಾರಿಟನ್ಸ್‌ಗೆ 20,000. ಮಾತು ಕಡಿಮೆ ಆಯಿತು ನಿಜ, ಉಳಿದ ಮಾತಿನ ತೂಕ ಬೇರೆ.

ಅದಕ್ಕೇ ಆಫ್‌ಕಾಮ್ 2022ರಲ್ಲಿ ಹೊಸ ನಿಯಮ ಮಾಡಿತು. ಆಗ ದೇಶದಲ್ಲಿ ಸುಮಾರು 20,000 ಬೂತ್ ಉಳಿದಿದ್ದವು, ಅವುಗಳಲ್ಲಿ ಸುಮಾರು 5,000ಕ್ಕೆ ರಕ್ಷಣೆ ಸಿಗುವ ಅಂದಾಜು. ಆಗಿನ ನಾಲ್ಕು ಮೊಬೈಲ್ ಕಂಪನಿಗಳಲ್ಲಿ ಒಂದರ ಸಿಗ್ನಲ್ ಆದರೂ ಇಲ್ಲದ ಜಾಗ ಆಗಿದ್ದರೆ ಬೂತ್ ತೆಗೆಯುವಂತಿಲ್ಲ. ಅಪಘಾತ ಅಥವಾ ಆತ್ಮಹತ್ಯೆ ಜಾಸ್ತಿ ನಡೆಯುವ ಜಾಗ ಆದರೂ ತೆಗೆಯುವಂತಿಲ್ಲ. ಹಿಂದಿನ 12 ತಿಂಗಳಲ್ಲಿ ಅಲ್ಲಿಂದ 52 ಕರೆ ಹೋಗಿದ್ದರೂ, ಅಂದರೆ ವಾರಕ್ಕೊಂದರ ಲೆಕ್ಕ, ಅದು ಉಳಿಯಬೇಕು. ಬೇರೆ ವಿಶೇಷ ಕಾರಣ ಇದ್ದರೆ ಅದನ್ನೂ ನೋಡುತ್ತಾರೆ. ಈ ಪಟ್ಟಿಯಲ್ಲಿ ಬಣ್ಣ, ಗುಮ್ಮಟ, ಪಕ್ಕದ ಚರ್ಚು ಯಾವುದೂ ಲೆಕ್ಕಕ್ಕಿಲ್ಲ. ರಕ್ಷಣೆ ಪಡೆಯುವ ಫೋನ್ ಕುರೂಪಿ ಕೆಎಕ್ಸ್100ನಲ್ಲೂ ಇರಬಹುದು. ಇತ್ತ, ಪಾರಂಪರಿಕ ಪಟ್ಟಿಯಲ್ಲಿರುವ ಕೆ6ನೊಳಗೆ ರಿಸೀವರ್ ಇಲ್ಲದೆ ಬರೀ ತೂತು ಇರಬಹುದು. ಎರಡೂ ಕಾನೂನು ಪ್ರಕಾರ ಸರಿ.

52ರ ನಿಯಮ ನನಗೆ ಅಷ್ಟು ಸರಿ ಕಾಣುವುದಿಲ್ಲ. ತುರ್ತು ಫೋನಿನ ಗುಣವೇ ಅದನ್ನು ಅಪರೂಪಕ್ಕೆ ಬಳಸುವುದು. ನಾರ್ಫೋಕ್ ಜಿಲ್ಲೆಯ ಶಾರಿಂಗ್ಟನ್ ಅನ್ನುವ ಪುಟ್ಟ ಊರಿನಲ್ಲಿ 2025ರ ಆರಂಭದಲ್ಲಿ ಇದೇ ಆಯಿತು. ಅಲ್ಲಿನ ಕೆಂಪು ಬೂತಿನಿಂದ ವರ್ಷಕ್ಕೆ ಹತ್ತು ಕರೆಯೂ ಹೋಗಿರಲಿಲ್ಲ, ತೆಗೆಯುತ್ತೇವೆ ಅಂತ ಕಂಪನಿ ಹೇಳಿತು. ಆ ಊರಲ್ಲಿ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವ ಹಾಗಿಲ್ಲ, ಕರೆಂಟ್ ಹೋದರೆ ಮನೆಯ ಇಂಟರ್ನೆಟ್ ಫೋನೂ ಸತ್ತುಹೋಗುತ್ತದೆ. ಊರವರು ಸುಮ್ಮನೆ ಕೂರಲಿಲ್ಲ. ಸಾಲಾಗಿ ನಿಂತು ಬೂತಿನಿಂದ 200ಕ್ಕೂ ಹೆಚ್ಚು ಕರೆ ಮಾಡಿದರು. ನಿಯಮ ಎಣಿಕೆ ಕೇಳುತ್ತದಾ, ತಗೊಳ್ಳಿ ಎಣಿಕೆ! ಕಂಪನಿ ತೀರ್ಮಾನ ಬದಲಿಸಿತು, ಬೂತ್ ಉಳಿಯಿತು. ಇದನ್ನು ಮೋಸ ಅನ್ನುವವರೂ ಇದ್ದಾರು, ನಾನು ಅನ್ನುವುದಿಲ್ಲ.

ಮೂರನೇ ದಾರಿ ಒಂದಿದೆ, ಹೆಚ್ಚು ಊರುಗಳು ಹಿಡಿದದ್ದು ಅದನ್ನೇ. 2008ರಿಂದ ಬಿಟಿ ಕಂಪನಿ ಬೇಡವಾದ ಬೂತನ್ನು ಊರ ಕೌನ್ಸಿಲ್‌ಗೆ ಅಥವಾ ಸೇವಾ ಸಂಸ್ಥೆಗೆ ಒಂದು ಪೌಂಡಿಗೆ ಕೊಡುತ್ತದೆ. ಒಳಗಿನ ಫೋನ್ ಕಿತ್ತು ಡಬ್ಬಿ ಮಾತ್ರ ಬಿಟ್ಟು ಹೋಗುತ್ತದೆ. 6,000ಕ್ಕೂ ಹೆಚ್ಚು ಬೂತ್‌ಗಳು ಹೀಗೆ ಕೈ ಬದಲಾಗಿವೆ. ಸಾಮರ್ಸೆಟ್‌ನ ವೆಸ್ಟ್‌ಬರಿ-ಸಬ್-ಮೆಂಡಿಪ್‌ನಲ್ಲಿ 2009ರಲ್ಲಿ ಬೂತೊಳಗೆ ಶೆಲ್ಫ್ ಹೊಡೆದು ಲೈಬ್ರರಿ ಮಾಡಿದರು. ಒಂದು ಪುಸ್ತಕ ಇಟ್ಟು ಇನ್ನೊಂದು ಒಯ್ಯುವುದು, ಕಾವಲೂ ಇಲ್ಲ ರಿಜಿಸ್ಟರೂ ಇಲ್ಲ. ಯಾರ್ಕ್‌ಷೈರ್‌ನ ಸೆಟ್ಲ್ ಊರಿನ ಬೂತ್ ಪುಟ್ಟ ಆರ್ಟ್ ಗ್ಯಾಲರಿ. ತುಂಬ ಕಡೆ ಒಳಗೆ ಡಿಫಿಬ್ರಿಲೇಟರ್ ಇಟ್ಟಿದ್ದಾರೆ, ಹೃದಯ ನಿಂತವರಿಗೆ ಶಾಕ್ ಕೊಟ್ಟು ಬದುಕಿಸುವ ಯಂತ್ರ. ಇದು ಬಹಳ ಸರಿಯಾದ ಬಳಕೆ ಅಂತ ನನ್ನ ಅಭಿಪ್ರಾಯ. ಊರಿನ ನಡುವೆ ಇರುತ್ತದೆ, ರಾತ್ರಿ ದೀಪ ಇರುತ್ತದೆ, ಕತ್ತಲಲ್ಲೂ ಎಲ್ಲಿದೆ ಅಂತ ಮಕ್ಕಳಿಗೂ ಗೊತ್ತು. ಅಂಚೆ ಇಲಾಖೆ ಕೆಂಪು ಬಳಿದದ್ದು ಎಷ್ಟು ಸರಿಯಿತ್ತು ಅಂತ ಈಗ ಕಾಣುತ್ತದೆ.

ಒಂದು ಪೌಂಡ್ ಅಂದ ಕೂಡಲೇ ಅಗ್ಗ ಅಂದುಕೊಳ್ಳಬೇಡಿ. ಎರಕದ ಕಬ್ಬಿಣ ತುಕ್ಕು ಹಿಡಿಯುತ್ತದೆ, ಬುಡದಲ್ಲಿ ನೀರು ನಿಂತರೆ ಬೇಗ ಹಿಡಿಯುತ್ತದೆ. ಹಳೆಯ ಬಣ್ಣ ಕೆರೆದು ಹೊಸದು ಬಳಿಯಬೇಕು. ತೇಗದ ಬಾಗಿಲು ನೀರು ಕುಡಿದು ಉಬ್ಬುತ್ತದೆ. ಪಾರಂಪರಿಕ ಪಟ್ಟಿಯಲ್ಲಿದ್ದರೆ ಅದರ ರೂಪ ಬದಲಾಗುವ ಯಾವ ಕೆಲಸಕ್ಕೂ ಅನುಮತಿ ಬೇಕು. ಲಾಭ ಮಾಡುವ ಕಂಪನಿಯ ಹೆಗಲ ಮೇಲಿದ್ದ ಈ ಖರ್ಚು ಒಂದು ಪೌಂಡಿನ ಜೊತೆ ಹಳ್ಳಿಯ ಕೌನ್ಸಿಲ್ಲಿನ ಹೆಗಲಿಗೆ ಬಂತು. ದುಡ್ಡಿರುವ, ಬಿಡುವಿರುವ, ನಿವೃತ್ತರು ಹೆಚ್ಚಿರುವ ಊರುಗಳು ಇದನ್ನು ಸಂತೋಷವಾಗಿ ಹೊತ್ತುಕೊಂಡಿವೆ. ನಗರದ ಬಡಾವಣೆಗಳಲ್ಲಿ ಹೊರುವವರಿಲ್ಲ. ಲಂಡನ್ನಿನ ನಡುಭಾಗದಲ್ಲೇ ಪಟ್ಟಿಗೆ ಸೇರಿದ ಎಷ್ಟೋ ಬೂತ್‌ಗಳು ಬಣ್ಣ ಕಿತ್ತು, ಗಾಜು ಒಡೆದು, ಮೂತ್ರದ ವಾಸನೆ ಹೊಡೆಯುತ್ತಾ ನಿಂತಿವೆ. ಹೊರಗೆ ನಿಂತು ಫೋಟೋ ತೆಗೆಸಿಕೊಂಡವರಿಗೆ ಅದು ತಿಳಿಯುವುದಿಲ್ಲ, ಬಾಗಿಲು ತೆಗೆದವರಿಗೆ ತಿಳಿಯುತ್ತದೆ. ರಕ್ಷಣೆಯ ಕಾನೂನು ಬೂತ್ ಕೀಳದಂತೆ ತಡೆಯುತ್ತದೆ, ವಾರಕ್ಕೊಮ್ಮೆ ತೊಳೆಯಿರಿ ಅಂತ ಹೇಳುವುದಿಲ್ಲ.

ಮುಂದಿನ ದೊಡ್ಡ ತಿರುವು 2027ರ ಜನವರಿ. ತಾಮ್ರದ ತಂತಿಯ ಹಳೆಯ ಟೆಲಿಫೋನ್ ಜಾಲವನ್ನು ಬ್ರಿಟನ್ ಅಷ್ಟರೊಳಗೆ ಪೂರ್ತಿ ನಿಲ್ಲಿಸಬೇಕು. ಮೊದಲು 2025ರ ಕೊನೆ ಅಂದಿದ್ದರು, ಮುಂದೂಡಿದರು. ಆ ಹಳೆಯ ತಂತಿಗೆ ಒಂದು ಗುಣ ಇತ್ತು. ಫೋನಿಗೆ ಬೇಕಾದ ಕರೆಂಟ್ ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು, ಊರಲ್ಲಿ ವಿದ್ಯುತ್ ಹೋದರೂ ಬೂತಿನ ಫೋನ್ ಕೆಲಸ ಮಾಡುತ್ತಿತ್ತು. ಡಿಜಿಟಲ್ ಜಾಲದಲ್ಲಿ ಆ ಅನುಕೂಲ ಇಲ್ಲ. ಆದ್ದರಿಂದ ಕೆಲವು ಬೂತ್‌ಗಳಲ್ಲಿ ಬ್ಯಾಟರಿ ಇಡಲೇಬೇಕು ಅಂತ ಆಫ್‌ಕಾಮ್ ಹೇಳಿದೆ. ಎಷ್ಟು ಬೂತ್‌ಗಳಿಗೆ, ಯಾವ ಊರುಗಳಿಗೆ, ಎಷ್ಟು ಗಂಟೆ ಬಾಳುವ ಬ್ಯಾಟರಿ ಅನ್ನುವುದೇ ಈಗ ಕೇಳಬೇಕಾದ ಪ್ರಶ್ನೆ. ಗುಮ್ಮಟ, ಕಿರೀಟ, ಬಣ್ಣದ ಬಗ್ಗೆ ಮಾತಾಡಲು ಬ್ರಿಟನ್ನಿನಲ್ಲಿ ಸಂಘಗಳಿವೆ, ಅಭಿಮಾನಿಗಳಿದ್ದಾರೆ. ಬ್ಯಾಟರಿಯ ಬಗ್ಗೆ ಕೇಳುತ್ತಿರುವುದು ಶಾರಿಂಗ್ಟನ್‌ನಂಥ ಕೆಲವು ಊರುಗಳು ಮಾತ್ರ.